ಡೊಂಕು ಮೈಮೇಲೆ ನೆಟ್ಟಗಿನ ಗೆರೆ

ಓದುಗರ ಪ್ರಶ್ನೆ, ನಮ್ಮ ಉತ್ತರ: ಡಿಜಿಟಲ್ ಶಿಲ್ಪ

ಕಂಪ್ಯೂಟರಿನಲ್ಲಿ ಮೂರ್ತಿ ಮಾಡುವವರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ತಕರಾರು ಒಂದೇ: ಎಳೆಯುವಾಗ ನೆಟ್ಟಗಿದ್ದ ಗೆರೆ ಮಾಡೆಲ್ ತಿರುಗಿಸಿದ ಕೂಡಲೇ ಸೊಟ್ಟಗಾಗುತ್ತದೆ. ರೋಗ ಒಂದೇ ಆದರೂ ಮದ್ದು ಒಂದಲ್ಲ. ಹಣೆಯ ವಿಭೂತಿ, ಬೊಂಬೆಯ ಪಟ್ಟೆ, ಸೀರೆಯ ದಡಿ ಮೂರೂ ನೆಟ್ಟಗೇ ಇರಬೇಕು. ಆದರೆ ಒಂದು ನೋಡುವ ಕಣ್ಣಿಗೆ ನೇರ, ಇನ್ನೊಂದು ಅಕ್ಷಕ್ಕೆ ನೇರ, ಮತ್ತೊಂದು ಬಟ್ಟೆಯ ನೇಯ್ಗೆಗೆ ನೇರ. ಯಾವುದು ಬೇಕೆಂದು ಮೊದಲು ತೀರ್ಮಾನಿಸದೆ ಬ್ರಶ್ ಹಿಡಿದರೆ ಸಾಫ್ಟ್‌ವೇರ್ ತನಗೆ ತಿಳಿದ ನೇರವನ್ನು ಕೊಡುತ್ತದೆ.

ಪ್ರಶ್ನೆ: ಝೀಬ್ರಶ್ ಎಂಬ ಶಿಲ್ಪದ ಸಾಫ್ಟ್‌ವೇರ್‌ನಲ್ಲಿ ಬಸವಣ್ಣನವರ ಎದೆಮಟ್ಟದ ಮೂರ್ತಿ ಮಾಡಿದ್ದೇನೆ. ಹಣೆಗೆ ಮೂರು ಗೆರೆ ವಿಭೂತಿ ಹಚ್ಚಬೇಕು. ಶಿಫ್ಟ್ ಒತ್ತಿ ಎಳೆದರೆ ಎದುರಿನಿಂದ ಸರಿಯಾಗಿದೆ. ಪಕ್ಕದಿಂದ ನೋಡಿದರೆ ಗೆರೆಗಳ ನಡುವಿನ ಅಂತರ ಬೇರೆ ಬೇರೆ, ಮೇಲಿನದು ದಪ್ಪ. ಏನು ತಪ್ಪು? (ಧಾರವಾಡದ ಓದುಗರು)

ಉತ್ತರ: ತಪ್ಪು ಎರಡಿವೆ. ಎರಡೂ ಕೈಯದಲ್ಲ, ಕ್ಯಾಮೆರಾದ್ದು.

ಪರದೆಯ ಮೇಲಿನ ನೇರ ಗೆರೆ ಮಾಡೆಲ್ ಮೇಲೆ ಬೀಳುವುದು ಒಂದು ಸಮತಲವಾಗಿ. ಕ್ಯಾಮೆರಾ ಮತ್ತು ಆ ಗೆರೆ ಎರಡರ ಮೂಲಕ ಹಾಯುವ ಸಮತಲ ಹಣೆಯನ್ನು ಎಲ್ಲೆಲ್ಲಿ ಕೊಯ್ಯುತ್ತದೋ ಅಲ್ಲಲ್ಲಿ ಬಣ್ಣ ಬೀಳುತ್ತದೆ. ಪರ್ಸ್ಪೆಕ್ಟಿವ್ (ದೂರದ್ದು ಸಣ್ಣದಾಗಿ ಕಾಣುವ ನೋಟ) ಚಾಲೂ ಇದ್ದಾಗ ಮೂರು ಗೆರೆಗಳ ಸಮತಲಗಳೂ ಕ್ಯಾಮೆರಾದಿಂದ ಹೊರಟು ಹಿಂದೆ ಹೋದಷ್ಟೂ ಅಗಲುತ್ತವೆ. ಹಣೆಯ ನಡುಭಾಗ ಕ್ಯಾಮೆರಾಕ್ಕೆ ಹತ್ತಿರ, ಕಣತಲೆ ದೂರ. ಹಾಗಾಗಿ ನಡುವೆ ಹತ್ತಿರವಿದ್ದ ಗೆರೆಗಳು ಕಣತಲೆಯ ಬಳಿ ದೂರ ಸರಿಯುತ್ತವೆ. ಪಿ ಕೀ ಒತ್ತಿ ಪರ್ಸ್ಪೆಕ್ಟಿವ್ ಬಂದ್ ಮಾಡಿ. ಆಮೇಲೆ ಖಾಲಿ ಜಾಗದಲ್ಲಿ ಎಳೆದು ತಿರುಗಿಸುತ್ತಿರುವಾಗಲೇ ಶಿಫ್ಟ್ ಒತ್ತಿದರೆ ನೋಟ ಕರಾರುವಾಕ್ಕಾಗಿ ಎದುರಿಗೆ ಬಂದು ಕೂರುತ್ತದೆ.

ದಪ್ಪದ ವಿಷಯ ಬೇರೆ. ಹಣೆ ಮೇಲಕ್ಕೆ ಹೋದಂತೆ ಹಿಂದಕ್ಕೆ ಬಾಗುತ್ತದೆ. 30 ಡಿಗ್ರಿ ಬಾಗಿದ ಕಡೆ ಎದುರಿನಿಂದ ಎಳೆದ ಗೆರೆ ಮೈಮೇಲೆ 1.15 ಪಟ್ಟು, 45 ಡಿಗ್ರಿಯಲ್ಲಿ 1.41 ಪಟ್ಟು, 60 ಡಿಗ್ರಿಯಲ್ಲಿ ಎರಡು ಪಟ್ಟು ಅಗಲವಾಗುತ್ತದೆ. ಇದನ್ನು ಕಳೆಯಲು ಕ್ಯಾಮೆರಾವನ್ನು ಮೇಲೆತ್ತಿ ಹಣೆಗೆ ಲಂಬವಾಗಿ ನೋಡಬಹುದು. ಆಗ ಇನ್ನೊಂದು ತೊಂದರೆ: ಸಮತಲವೂ ಓರೆಯಾಗುವುದರಿಂದ ಗೆರೆಯ ತುದಿಗಳು ಕಿವಿಯತ್ತ ಜೋಲುತ್ತವೆ. ಹಣೆಯ ನಡುವಿಗಿಂತ ಗೆರೆಯ ತುದಿ 4 ಸೆಂ.ಮೀ. ಹಿಂದಿದ್ದರೆ, ಕ್ಯಾಮೆರಾ 20 ಡಿಗ್ರಿ ಎತ್ತಿದಾಗ ತುದಿ ಸುಮಾರು ಒಂದೂವರೆ ಸೆಂ.ಮೀ. ಕೆಳಗಿಳಿಯುತ್ತದೆ. 10 ಡಿಗ್ರಿಗೆ ಮುಕ್ಕಾಲು ಸೆಂ.ಮೀ.ಗಿಂತ ಕಡಿಮೆ. ವಿಭೂತಿಯನ್ನು ಬೆರಳಲ್ಲಿ ಎಳೆದಾಗ ತುದಿ ತುಸು ಇಳಿಯುವುದು ಸಹಜವೇ. ಹಾಗಾಗಿ 10 ಡಿಗ್ರಿ ನಮಗೆ ಒಪ್ಪುವ ರಾಜಿ. ಮೇಲಿನ ಗೆರೆ ಇನ್ನೂ ದಪ್ಪವೆನಿಸಿದರೆ ಎಳೆಯುವಾಗಲೇ ಅದನ್ನು ಸ್ವಲ್ಪ ಸಣ್ಣದಾಗಿ ಎಳೆಯಿರಿ.

ಇನ್ನು ಹಚ್ಚುವ ಕ್ರಮ. ಬ್ರಶ್ ಬೇಡ, ಮಾಸ್ಕ್ (ಬಣ್ಣ ತಾಗದಂತೆ ಮುಚ್ಚುವ ಮರೆ) ಬಳಸಿ. ಮೂರೂ ಗೆರೆ ಒಂದೇ ಅಗಲ ಬರಲು ಅದೇ ಸುಲಭ. ಆಯತದ ಮಾಸ್ಕ್ ತಲೆಯನ್ನು ತೂರಿ ಹಿಂಬದಿಯನ್ನೂ ಮುಚ್ಚುತ್ತದೆ. ಅದಕ್ಕೇ ಮೊದಲು ಪಕ್ಕದ ನೋಟದಲ್ಲಿ ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಸೆಲೆಕ್ಟ್‌ರೆಕ್ಟ್‌ನಿಂದ ಹಣೆಯ ಭಾಗಕ್ಕೆ ಚೌಕ ಹಾಕಿ, ಉಳಿದದ್ದನ್ನು ಮರೆಮಾಡಿ. ಎದುರಿನ ನೋಟಕ್ಕೆ ಬಂದು, ಮೇಲೆ ಹೇಳಿದ 10 ಡಿಗ್ರಿ ಎತ್ತಿ, ಕಂಟ್ರೋಲ್ ಹಿಡಿದು ಮಾಸ್ಕ್‌ರೆಕ್ಟ್ ಆರಿಸಿ ಮೂರು ಸಣ್ಣ ಆಯತ ಎಳೆಯಿರಿ. ಎಳೆಯುತ್ತಿರುವಾಗ ಸ್ಪೇಸ್ ಒತ್ತಿದರೆ ಆಯತವನ್ನು ಎತ್ತಿ ಬೇರೆ ಕಡೆ ಇಡಬಹುದು. ಕಂಟ್ರೋಲ್ ಹಿಡಿದು ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿದರೆ ಮಾಸ್ಕ್ ತಿರುವುಮುರುವಾಗಿ ಮೂರು ಪಟ್ಟೆ ಮಾತ್ರ ತೆರೆದಿರುತ್ತವೆ. ಕಂಟ್ರೋಲ್ ಹಿಡಿದು ಮಾಡೆಲ್ ಮೇಲೇ ಕ್ಲಿಕ್ ಮಾಡಿದರೆ ಅಂಚು ಮೃದುವಾಗುತ್ತದೆ. ಒಂದು ಕ್ಲಿಕ್ ಸಾಕು. ಎರಡಾದರೆ ಬೂದಿ, ಮೂರಾದರೆ ಮಂಜು. ಝಡ್‌ಆ್ಯಡ್ (ಮೈ ಉಬ್ಬಿಸುವ ಆಯ್ಕೆ) ಬಂದ್ ಮಾಡಿ, ಆರ್‌ಜಿಬಿ (ಬಣ್ಣದ ಆಯ್ಕೆ) ಹಾಕಿ, ಬಣ್ಣ ಆರಿಸಿ ಕಲರ್ ಮೆನುವಿನ ಫಿಲ್ ಆಬ್ಜೆಕ್ಟ್ ಒತ್ತಿ. ಇಷ್ಟಾದ ಮೇಲೆಯೇ ಮಾಸ್ಕ್ ತೆಗೆದು ಮರೆಯಾದ ಭಾಗ ತೋರಿಸಿ. ಮೊದಲೇ ತೋರಿಸಿದರೆ ತಲೆಯೆಲ್ಲ ಬಿಳಿಯಾದೀತು. ವಿಭೂತಿಗೆ ಅಪ್ಪಟ ಬಿಳಿ ಬೇಡ. ತುಸು ಬೂದು ಬೆರೆತ ಬಿಳಿ ಚರ್ಮದ ಮೇಲೆ ನಿಲ್ಲುತ್ತದೆ.

ಪ್ರಶ್ನೆ: ಗೆರೆ ನೇರವಾಗಿಯೇ ಇದೆ, ಅಂಚು ಮಾತ್ರ ಗರಗಸದ ಹಲ್ಲು. ಬ್ರಶ್ ಗಟ್ಟಿ ಮಾಡಿದರೂ ಅಷ್ಟೆ. (ಮೈಸೂರಿನ ಓದುಗರು)

ಉತ್ತರ: ಝೀಬ್ರಶ್‌ನ ಪಾಲಿಪೇಂಟ್ ಬಣ್ಣ ಕೂರುವುದು ಪ್ರತಿ ವರ್ಟೆಕ್ಸ್‌ನಲ್ಲಿ, ಅಂದರೆ ಮಾಡೆಲ್‌ನ ಮೈ ಹೆಣೆದ ಒಂದೊಂದು ಬಿಂದುವಿನಲ್ಲಿ. ಎರಡು ವರ್ಟೆಕ್ಸ್‌ಗಳ ನಡುವೆ ಬಣ್ಣ ಕಲಸಿಕೊಳ್ಳುತ್ತದೆಯೇ ಹೊರತು ಅಲ್ಲಿ ಗೆರೆ ಇರಲು ಜಾಗವೇ ಇಲ್ಲ. ಬ್ರಶ್ ಎಷ್ಟು ಗಟ್ಟಿಯಾದರೂ ಇದು ಬದಲಾಗದು.

ಲೆಕ್ಕ ಹೀಗೆ. ತಲೆಯನ್ನು 56 ಸೆಂ.ಮೀ. ಸುತ್ತಳತೆಯ ಗುಂಡು ಎಂದುಕೊಳ್ಳಿ. ತಲೆಯೊಂದಕ್ಕೇ 1 ಲಕ್ಷ ಬಿಂದುಗಳಿದ್ದರೆ ಬಿಂದುವಿನಿಂದ ಬಿಂದುವಿಗೆ ಸುಮಾರು 1 ಮಿ.ಮೀ. 10 ಲಕ್ಷಕ್ಕೆ 0.32, 40 ಲಕ್ಷಕ್ಕೆ 0.16. ಒಂದು ಸಬ್‌ಡಿವಿಷನ್ ಏರಿಸಿದರೆ ಬಿಂದುಗಳು ನಾಲ್ಕು ಪಟ್ಟು, ಅಂತರ ಅರ್ಧ. ಗೆರೆಯ ಅಗಲದಲ್ಲಿ ಕನಿಷ್ಠ ಹತ್ತು ಹನ್ನೆರಡು ಬಿಂದು ಬೀಳದಿದ್ದರೆ ಹಲ್ಲು ಕಾಣುತ್ತದೆ. 8 ಮಿ.ಮೀ. ಗೆರೆಗೆ 10 ಲಕ್ಷ ಧಾರಾಳ, 2 ಮಿ.ಮೀ. ಗೆರೆಗೆ 40 ಲಕ್ಷ ಬೇಕು. ಹೆಗಲು, ಎದೆ ಎಲ್ಲ ಒಂದೇ ಸಬ್‌ಟೂಲ್‌ನಲ್ಲಿದ್ದರೆ (ಮಾಡೆಲ್‌ನ ಒಂದೇ ಬಿಡಿಭಾಗದಲ್ಲಿದ್ದರೆ) ಬಿಂದುಗಳು ಅಲ್ಲಿಗೂ ಹಂಚಿಹೋಗುತ್ತವೆ ಎಂಬುದನ್ನು ಮರೆಯಬೇಡಿ. ಬಣ್ಣವನ್ನು ಆಮೇಲೆ ಟೆಕ್ಸ್ಚರ್‌ಗೆ (ಮೈಮೇಲೆ ಹೊದಿಸುವ ಚಿತ್ರಕ್ಕೆ) ಇಳಿಸುವವರಿಗೂ ಇದೇ ಲೆಕ್ಕ: 10 ಲಕ್ಷ ಬಿಂದುಗಳಲ್ಲಿರುವ ವಿವರ ಸುಮಾರು 1024 ಪಿಕ್ಸೆಲ್ ಚೌಕದ ಚಿತ್ರಕ್ಕೆ ಸಮ. ಅದನ್ನು 4096ರ ಚಿತ್ರಕ್ಕೆ ಇಳಿಸಿದರೆ ಫೈಲ್ ದೊಡ್ಡದಾಗುತ್ತದೆ, ಗೆರೆಯ ಅಂಚು ಹಾಗೇ ಇರುತ್ತದೆ.

ಬಿಂದುಗಳನ್ನು ಜೋಡಿಸುವ ಚೌಕಗಳ ಜಾಲದ ದಿಕ್ಕೂ ಮುಖ್ಯ. ಚೌಕಗಳ ಸಾಲಿಗೆ ಸಮನಾಗಿ ಹೋಗುವ ಗೆರೆ ಕಡಿಮೆ ಬಿಂದುಗಳಲ್ಲೂ ಚೊಕ್ಕವಾಗಿರುತ್ತದೆ. ಅದೇ ಗೆರೆ ಓರೆಯಾಗಿ ಹಾಯ್ದರೆ ಮೆಟ್ಟಿಲು ಮೆಟ್ಟಿಲು. ಡೈನಾಮೆಶ್ ಜಾಲದಲ್ಲಿ ಈ ತೊಂದರೆ ಹೆಚ್ಚು. ಬಣ್ಣ ಹಚ್ಚಿದ ಮೇಲೆ ಮತ್ತೆ ರೀಮೆಶ್ ಮಾಡಿದರೆ (ಜಾಲವನ್ನು ಹೊಸದಾಗಿ ಹೆಣೆಸಿದರೆ) ಅಂಚು ಇನ್ನಷ್ಟು ಕದಡುತ್ತದೆ. ಆಕಾರ ಪೂರ್ತಿ ಮುಗಿಸಿಯೇ ಬಣ್ಣಕ್ಕೆ ಕೈಹಾಕಿ.

ಸ್ಲೈಸ್‌ಕರ್ವ್‌ನಿಂದ ಜಾಲವನ್ನೇ ಗೆರೆಯುದ್ದಕ್ಕೂ ಕತ್ತರಿಸುವ ದಾರಿಯೂ ಇದೆ. ಅದಕ್ಕೆ ಸಬ್‌ಡಿವಿಷನ್ ಹಂತಗಳಿರಬಾರದು, ಡೆಲ್ ಲೋವರ್ ಒತ್ತಿ ತೆಗೆಯಬೇಕು. ಕತ್ತರಿಸಿದ ಎರಡು ಕಡೆಗೂ ಬೇರೆ ಬೇರೆ ಪಾಲಿಗ್ರೂಪ್ (ಗುಂಪಿನ ಗುರುತು) ಸಿಗುತ್ತದೆ. ಆದರೆ ಗಡಿಯ ವರ್ಟೆಕ್ಸ್ ಎರಡೂ ಕಡೆಗೆ ಸೇರಿದ್ದರಿಂದ ಬಣ್ಣ ಒಂದು ಪಾಲಿಗನ್‌ನಷ್ಟು ಆಚೆಗೆ ಜಾರುತ್ತದೆ. ಗ್ರೂಪ್ಸ್ ಸ್ಪ್ಲಿಟ್ ಒತ್ತಿ ಎರಡನ್ನೂ ಬೇರ್ಪಡಿಸಿದರೆ ಮಾತ್ರ ಗಡಿ ಕತ್ತಿಯಂಚು. ಎರಡು ಬಣ್ಣದಲ್ಲಿ ಪ್ರಿಂಟ್ ತೆಗೆಯುವವರಿಗೆ ಇದು ಸರಿ, ಚರ್ಮದ ಮೇಲಿನ ಗೆರೆಗೆ ಅತಿ.

ಪ್ರಶ್ನೆ: ಚನ್ನಪಟ್ಟಣದ ಬೊಂಬೆಗಳ ಹಾಗೆ ಸುತ್ತ ಪಟ್ಟೆ ಹಾಕಬೇಕು. ಅರ್ಧ ಸುತ್ತು ಎಳೆದು, ತಿರುಗಿಸಿ, ಉಳಿದರ್ಧ ಎಳೆದರೆ ಎರಡು ತುದಿಗಳು ಕೂಡುವುದೇ ಇಲ್ಲ. (ಮಂಡ್ಯದ ಓದುಗರು)

ಉತ್ತರ: ಚನ್ನಪಟ್ಟಣದಲ್ಲಿ ಕುಶಲಕರ್ಮಿ ಕೈಯನ್ನು ಬೊಂಬೆಯ ಸುತ್ತ ತಿರುಗಿಸುವುದಿಲ್ಲ. ಹಾಲೆ ಮರದ ತುಂಡು ಲೇತ್‌ನಲ್ಲಿ ತಾನೇ ತಿರುಗುತ್ತದೆ. ಬಣ್ಣದ ಅರಗಿನ ಕಡ್ಡಿಯನ್ನು ಒಂದೇ ಕಡೆ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಪಟ್ಟೆ ತಾನಾಗಿ ಸುತ್ತು ಮುಗಿಸುತ್ತದೆ. ನೀವೂ ಅದನ್ನೇ ಮಾಡಿ.

ಝೀಬ್ರಶ್‌ನಲ್ಲಿ ಟ್ರಾನ್ಸ್‌ಫಾರ್ಮ್ ಮೆನುವಿನ ಆ್ಯಕ್ಟಿವೇಟ್ ಸಿಮೆಟ್ರಿ ಒತ್ತಿ, ಎಕ್ಸ್ ಬಂದ್ ಮಾಡಿ ವೈ ಹಾಕಿ, ಪಕ್ಕದ ಆರ್ ಒತ್ತಿ ರೇಡಿಯಲ್‌ಕೌಂಟ್ 100 ಕೊಡಿ. ಒಂದು ಕಡೆ ಮುಟ್ಟಿದರೆ ಸುತ್ತಲೂ ನೂರು ಕಡೆ ಬಣ್ಣ ಬೀಳುತ್ತದೆ. ಬೊಂಬೆಯ ಸುತ್ತಳತೆ 150 ಮಿ.ಮೀ. ಇದ್ದರೆ ಎರಡು ಚುಕ್ಕೆಗಳ ನಡುವೆ 1.5 ಮಿ.ಮೀ. ಆಗ 2 ಮಿ.ಮೀ. ವ್ಯಾಸದ ಬ್ರಶ್‌ನ ಅಂಚು 0.3 ಮಿ.ಮೀ.ಗಿಂತ ಹೆಚ್ಚು ಒಳಸರಿದು ಅಲೆಅಲೆಯಾಗಿ ಕಾಣುತ್ತದೆ. 4 ಮಿ.ಮೀ. ಬ್ರಶ್‌ನಲ್ಲಿ ಆ ತಗ್ಗು 0.15ಕ್ಕೆ ಇಳಿಯುತ್ತದೆ. ಸಣ್ಣ ಪಟ್ಟೆಯೇ ಬೇಕಾದರೆ ಸುಮ್ಮನೆ ಮುಟ್ಟದೆ, ಎರಡು ಮಿ.ಮೀ.ನಷ್ಟು ಅಡ್ಡಕ್ಕೆ ಎಳೆಯಿರಿ, ಚುಕ್ಕೆಗಳು ಬೆಸೆದುಕೊಳ್ಳುತ್ತವೆ. ಬೊಂಬೆ ನಡುಮಧ್ಯದಲ್ಲಿ ನಿಂತಿರದಿದ್ದರೆ ಪಟ್ಟೆ ಒಂದು ಬದಿಗೆ ಮಾತ್ರ ಬೀಳುತ್ತದೆ, ಅದಕ್ಕೆ ಲೋಕಲ್ ಸಿಮೆಟ್ರಿ ಹಾಕಬೇಕು.

ಬ್ಲೆಂಡರ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬಳಸುವವರಿಗೆ ಬ್ರಶ್ಶೇ ಬೇಡ. ಶೇಡರ್‌ನಲ್ಲಿ (ಮೈಬಣ್ಣ ನಿರ್ಧರಿಸುವ ನೋಡ್‌ಗಳ ಜೋಡಣೆಯಲ್ಲಿ) ಟೆಕ್ಸ್ಚರ್ ಕೋಆರ್ಡಿನೇಟ್ ನೋಡ್‌ನ ಆಬ್ಜೆಕ್ಟ್ ಎಂಬ ಔಟ್‌ಪುಟ್‌ನಿಂದ ಸೆಪರೇಟ್ ಎಕ್ಸ್‌ವೈಝಡ್‌ಗೆ, ಅದರ ಝಡ್‌ನಿಂದ ಮ್ಯಾಪ್ ರೇಂಜ್‌ಗೆ, ಅಲ್ಲಿಂದ ಕಲರ್ ರ‍್ಯಾಂಪ್‌ಗೆ, ಅಲ್ಲಿಂದ ಬೇಸ್ ಕಲರ್‌ಗೆ. ಒರಿಜಿನ್ ಬೊಂಬೆಯ ಬುಡದಲ್ಲಿರಲಿ. 120 ಮಿ.ಮೀ. ಎತ್ತರವಿದ್ದರೆ ಮ್ಯಾಪ್ ರೇಂಜ್‌ನ ಫ್ರಮ್ ಮ್ಯಾಕ್ಸ್ 0.12. ಆಗ 6 ಮಿ.ಮೀ. ಪಟ್ಟೆ ರ‍್ಯಾಂಪ್‌ನಲ್ಲಿ 0.05ರಷ್ಟು ಜಾಗ ಹಿಡಿಯುತ್ತದೆ. ಎಲ್ಲ ಪಟ್ಟೆಗಳನ್ನೂ ಹೀಗೆ ಅಂಕಿಯಲ್ಲೇ ಇಡಬಹುದು. ರ‍್ಯಾಂಪ್ ಅನ್ನು ಕಾನ್‌ಸ್ಟಂಟ್‌ಗೆ ಹಾಕಿದರೆ ಅಂಚು ತೀರಾ ಚೂಪು. ಅರಗು ತೀಡಿದ ಗಡಿ ಅಷ್ಟು ಚೂಪಾಗಿರುವುದಿಲ್ಲ. ಲೀನಿಯರ್‌ನಲ್ಲೇ ಬಿಟ್ಟು ಅಕ್ಕಪಕ್ಕದ ಎರಡು ಬಣ್ಣಗಳನ್ನು 0.002 ಅಂತರದಲ್ಲಿಟ್ಟರೆ ಕಾಲು ಮಿ.ಮೀ.ನಷ್ಟು ಬೆರಕೆ ಬರುತ್ತದೆ, ಮರದ ಬೊಂಬೆಯ ಕಳೆ ಬರುತ್ತದೆ.

ಪಟ್ಟೆ ಓರೆಯಾಗಿ ಬಂದರೆ ಒಂದೋ ಮಾಡೆಲನ್ನು ಎಡಿಟ್ ಮೋಡ್‌ನಲ್ಲಿ ವಾಲಿಸಿದ್ದೀರಿ, ಇಲ್ಲವೇ ವಾಲಿಸಿ ಕಂಟ್ರೋಲ್ ಎ ಒತ್ತಿ ರೊಟೇಶನ್ ಅಪ್ಲೈ ಮಾಡಿದ್ದೀರಿ. ನಿಂತ ಬೊಂಬೆಗೆ ಪಟ್ಟೆ ಹಾಕಿ ಚಿತ್ರಕ್ಕೆ ಬೇಕ್ ಮಾಡಿ (ಬಣ್ಣವನ್ನು ಚಿತ್ರವಾಗಿ ಇಳಿಸಿಕೊಳ್ಳಿ), ಆಮೇಲೆ ಬೇಕಾದಂತೆ ಬಗ್ಗಿಸಿ. ಬೇಕ್ ಮಾಡಲು ಸೈಕಲ್ಸ್, ಡಿಫ್ಯೂಸ್. ಡೈರೆಕ್ಟ್, ಇನ್‌ಡೈರೆಕ್ಟ್ ಎರಡೂ ತೆಗೆದು ಕಲರ್ ಮಾತ್ರ. ಮಾರ್ಜಿನ್ 16 ಪಿಕ್ಸೆಲ್. ಖಾಲಿ ಇಮೇಜ್ ಟೆಕ್ಸ್ಚರ್ ನೋಡ್ ಆಯ್ಕೆಯಾಗಿರಲೇಬೇಕು. ಮೆಟಾಲಿಕ್ 1 ಇದ್ದರೆ ಡಿಫ್ಯೂಸ್ ಕಪ್ಪಾಗಿ ಬರುತ್ತದೆ, ಬೇಕ್ ಆಗುವವರೆಗೆ ಸೊನ್ನೆ ಮಾಡಿ.

ಪ್ರಶ್ನೆ: ಇಳಕಲ್ ಸೀರೆ ಉಟ್ಟ ಹೆಣ್ಣಿನ ಮೂರ್ತಿ. ನಿರಿಗೆ ಕೆತ್ತಿ ಮುಗಿಸಿದ್ದೇನೆ. ಈಗ ದಡಿ ಬಿಡಿಸಲು ಹೋದರೆ ಪ್ರತಿ ನಿರಿಗೆಯಲ್ಲೂ ಗೆರೆ ಮುರಿಯುತ್ತದೆ. (ಬಾಗಲಕೋಟೆಯ ಓದುಗರು)

ಉತ್ತರ: ಎದುರಿನಿಂದ ಎಳೆಯುವ ಯಾವ ಗೆರೆಯೂ ಇಲ್ಲಿ ನಡೆಯದು. ದಡಿ ನೇರವಾಗಿರುವುದು ಮಗ್ಗದ ಮೇಲೆ. ಉಟ್ಟ ಮೇಲೆ ಅದು ನಿರಿಗೆಯೊಳಗೆ ಹೋಗಿ ಹೊರಬರುತ್ತದೆ, ಕಣ್ಣಿಗೆ ಅಂಕುಡೊಂಕಾಗಿಯೇ ಕಾಣಬೇಕು. ನಿಮಗೆ ಬೇಕಾದ ನೇರ ಯುವಿಯಲ್ಲಿದೆ, ಅಂದರೆ ಮಾಡೆಲ್‌ನ ಮೈಯನ್ನು ಬಿಚ್ಚಿ ಹಾಸಿದ ಚಪ್ಪಟೆ ನಕ್ಷೆಯಲ್ಲಿ.

ಹೊಸದಾಗಿ ಶುರುಮಾಡುವವರಿಗೆ ಸುಲಭ. 5.5 ಮೀ. ಉದ್ದ, 1.15 ಮೀ. ಅಗಲದ ಹಾಳೆಯನ್ನು ಚೌಕ ಚೌಕ ಜಾಲವಾಗಿ ಮಾಡಿ, ಚಪ್ಪಟೆ ಇರುವಾಗಲೇ ಯುವಿ ಬಿಡಿಸಿ. ಆಮೇಲೆ ಕ್ಲಾತ್ ಸಿಮ್ಯುಲೇಶನ್‌ನಿಂದಲೋ ಕ್ಲಾತ್ ಬ್ರಶ್‌ನಿಂದಲೋ ಉಡಿಸಿ. ಜಾಲ ಎಷ್ಟು ಮಡಚಿದರೂ ಯುವಿ ಹಾಗೇ ಇರುತ್ತದೆ. ಚಿತ್ರದಲ್ಲಿ ಅಡ್ಡಗೆರೆ ಎಳೆದರೆ ಅದೇ ದಡಿ. ಸೀರೆಗೆ ದಪ್ಪ ಕೊಡುವುದು ಕೊನೆಗೆ. ನಡುವೆ ಎಲ್ಲೂ ರೀಮೆಶ್ ಮಾಡಕೂಡದು, ಯುವಿ ಹಾರಿಹೋಗುತ್ತದೆ.

ನೀವು ಕೆತ್ತಿ ಮುಗಿಸಿದ್ದೀರಿ, ಹಾಗಾಗಿ ನಿರಿಗೆಯ ಏರಿಳಿತದ ಜೊತೆ ಸಾಗುವ ಚೌಕಗಳಲ್ಲಿ ರೀಟೋಪಾಲಜಿ ಮಾಡಲೇಬೇಕು, ಅಂದರೆ ಜಾಲವನ್ನು ಮತ್ತೆ ಹೆಣೆಯಬೇಕು. ಒಳಮಡಿಕೆಗೂ ಚೌಕಗಳು ಇಳಿಯಬೇಕು, ಮೇಲಿಂದ ಮೇಲೆ ಹಾರಿಸಿದರೆ ದಡಿ ಅಲ್ಲಿ ಹಿಗ್ಗುತ್ತದೆ. ಬಳಿಕ ಬ್ಲೆಂಡರ್‌ನ ಯುವಿ ಎಡಿಟರ್‌ನಲ್ಲಿ ಒಂದು ಚೌಕವನ್ನು ನೇರ ಆಯತ ಮಾಡಿ, ಎಲ್ಲವನ್ನೂ ಆಯ್ದು ಆ ಚೌಕ ಆ್ಯಕ್ಟಿವ್ ಆಗಿರುವಂತೆ ನೋಡಿಕೊಂಡು ಫಾಲೋ ಆ್ಯಕ್ಟಿವ್ ಕ್ವಾಡ್ಸ್ ಒತ್ತಿ. ಇಡೀ ಸೀರೆ ಮಗ್ಗದ ಬಟ್ಟೆಯಂತೆ ಸಪಾಟಾಗಿ ಬಿಚ್ಚಿಕೊಳ್ಳುತ್ತದೆ. ಮೂರು ಅಥವಾ ಐದು ಅಂಚುಗಳು ಕೂಡುವ ಬಿಂದು ಒಂದಿದ್ದರೂ ಅಲ್ಲಿಂದ ಮುಂದೆ ಸಾಲು ತಪ್ಪುತ್ತದೆ. ಅಂಥವನ್ನು ಹುಡುಕಿ ತೆಗೆಯುವುದೇ ಈ ಕೆಲಸದ ಮುಕ್ಕಾಲು ಭಾಗ.

ಪಿಕ್ಸೆಲ್ ಸಾಕಾಗುತ್ತದೆಯೇ ನೋಡಿ. 5.5 ಮೀ. ಉದ್ದವನ್ನು 4096 ಪಿಕ್ಸೆಲ್‌ಗೆ ಹರಡಿದರೆ ಪಿಕ್ಸೆಲ್‌ಗೆ 1.34 ಮಿ.ಮೀ. 100 ಮಿ.ಮೀ. ದಡಿಗೆ 75 ಪಿಕ್ಸೆಲ್ ಸಿಕ್ಕರೂ ಅದರೊಳಗಿನ 2 ಮಿ.ಮೀ. ಗೆರೆಗೆ ಒಂದೂವರೆ ಪಿಕ್ಸೆಲ್ ಮಾತ್ರ. ಸೀರೆಯನ್ನು ಎರಡು ತುಂಡಾಗಿಸಿ ಒಂದರ ಮೇಲೊಂದಿಟ್ಟರೆ ಇದು ಮೂರು ಪಿಕ್ಸೆಲ್ ಆಗುತ್ತದೆ. ದಡಿಯ ವಿನ್ಯಾಸ, ಅದು ಗೋಮಿಯೋ ಚಿಕ್ಕಿ ಪರಾಸೋ, ನೇಯ್ಗೆಯ ವಿವರ ಸಮೇತ ಬೇಕಿದ್ದರೆ ದಡಿಯನ್ನೇ ಬೇರೆ ಮಟೀರಿಯಲ್ ಮಾಡಿ, ಒಂದು ಗೇಣಿನಷ್ಟು ವಿನ್ಯಾಸವನ್ನು ಉದ್ದಕ್ಕೂ ಮರುಕಳಿಸುವಂತೆ ಇಡುವುದು ಮೇಲು. ಸೆರಗಿನ ತೋಪು ತೆನಿ ವಿನ್ಯಾಸಕ್ಕೆ ಅದೇ ರೀತಿ ಪ್ರತ್ಯೇಕ ಚಿತ್ರ.

ಪ್ರಶ್ನೆ: ಹೆಲ್ಮೆಟ್ ಮಾಡೆಲ್ ಮೇಲೆ ಹಣೆಯ ಎಡಮೂಲೆಯಿಂದ ಹಿಂಬದಿಯ ಬಲಮೂಲೆಗೆ ಒಂದು ಪಟ್ಟೆ. ಒಂದು ಕಡೆಯಿಂದ ನೇರ, ಇನ್ನೊಂದು ಕಡೆಯಿಂದ ಬಿಲ್ಲು. (ಕ್ಯಾಲಿಫೋರ್ನಿಯಾದ ಓದುಗರು)

ಉತ್ತರ: ಇಲ್ಲಿ ಬೇಕಾದದ್ದು ಮೈಮೇಲಿನ ಅತಿ ಹತ್ತಿರದ ದಾರಿ. ಗೋಳದ ಮೇಲೆ ಅದು ನಡುಕೇಂದ್ರದ ಮೂಲಕ ಹಾಯುವ ಸಮತಲದ ಕೊಯ್ತ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆ ಹಾದದ್ದು ಹೆಚ್ಚುಕಡಿಮೆ ಈ ಕಾರಣಕ್ಕೇ. ಭೂಪಟದಲ್ಲಿ ಗೆರೆ ಎಳೆದು ನೋಡಿದರೆ ಅದು ಸುತ್ತುದಾರಿ ಎನಿಸುತ್ತದೆ. ಯುವಿಯೂ ಒಂದು ಭೂಪಟವೇ. ಗೋಳವನ್ನು ಹಿಗ್ಗಿಸದೆ, ಕುಗ್ಗಿಸದೆ ಸಪಾಟು ಮಾಡಲಾಗದೆಂದು ಗಣಿತಜ್ಞ ಗಾಸ್ 1827ರಲ್ಲೇ ಸಾಧಿಸಿ ತೋರಿಸಿದ. ಹಾಗಾಗಿ ಹೆಲ್ಮೆಟ್‌ಗೆ ಸೀರೆಯ ಉಪಾಯ ಒಗ್ಗದು.

ಮಾಡುವುದು ಹೀಗೆ: ಪರ್ಸ್ಪೆಕ್ಟಿವ್ ಬಂದ್ ಮಾಡಿ, ಎರಡು ತುದಿಗಳಿಗೂ ಚುಕ್ಕೆ ಇಡಿ. ದಾರಿಯ ನಡುಬಿಂದು ನೆಟ್ಟಗೆ ನಿಮ್ಮನ್ನು ನೋಡುವಂತೆ ಮಾಡೆಲ್ ತಿರುಗಿಸಿ. ಆ ನೋಟದಲ್ಲಿ ಎಳೆದ ನೇರ ಗೆರೆಯ ಸಮತಲ ಗೋಳದ ಕೇಂದ್ರವನ್ನು ಹಾಯುತ್ತದೆ. ಹೆಲ್ಮೆಟ್ ಪೂರಾ ಗುಂಡಲ್ಲವಲ್ಲ, ಅದಕ್ಕೆ ದಾರಿಯನ್ನು ನಾಲ್ಕೈದು ತುಂಡು ಮಾಡಿ ಪ್ರತಿ ತುಂಡಿಗೂ ಹೀಗೇ ನೋಟ ತಿರುಗಿಸಿಕೊಳ್ಳಿ. ಝೀಬ್ರಶ್‌ನಲ್ಲಿ ಸ್ಟ್ರೋಕ್ ಮೆನುವಿನ ಲೇಜಿಮೌಸ್‌ನಲ್ಲಿ ಬ್ಯಾಕ್‌ಟ್ರ್ಯಾಕ್ ಹಾಕಿ ಲೈನ್ ಆರಿಸಿ, ಬ್ಲೆಂಡರ್‌ನಲ್ಲಿ ಬ್ರಶ್‌ನ ಸ್ಟ್ರೋಕ್ ಮೆಥಡ್ ಅನ್ನು ಲೈನ್ ಮಾಡಿ. ಬ್ಲೆಂಡರ್‌ನ ಎಡಿಟ್ ಮೋಡ್‌ನಲ್ಲಿ ಕಂಟ್ರೋಲ್ ಕ್ಲಿಕ್ ಮಾಡಿದರೆ ಸಿಗುವ ಹತ್ತಿರದ ದಾರಿಯನ್ನು ನಂಬಬೇಡಿ. ಅದು ಜಾಲದ ಅಂಚುಗಳ ಮೇಲೆಯೇ ನಡೆಯುತ್ತದೆ, ಓರೆ ಹೋಗಬೇಕಾದಲ್ಲಿ ಮೆಟ್ಟಿಲಿಳಿಯುತ್ತದೆ.

ಪ್ರಶ್ನೆ: ಕಿವಿಯ ಮುಂದೆ ಎಳೆದ ಗೆರೆ ಕಿವಿಯ ಹಿಂದೆಯೂ ಮೂಡುತ್ತದೆ. (ಉಡುಪಿಯ ಓದುಗರು)

ಉತ್ತರ: ಬ್ರಶ್ ಎಂದರೆ ಗುಂಡು. ಅದರ ತ್ರಿಜ್ಯಕ್ಕಿಂತ ಕಿವಿ ತೆಳುವಾಗಿದ್ದರೆ ಆಚೆ ಬದಿಯೂ ಗುಂಡಿನೊಳಗೆ ಸಿಕ್ಕಿಕೊಳ್ಳುತ್ತದೆ. ಝೀಬ್ರಶ್‌ನಲ್ಲಿ ಬ್ರಶ್ ಮೆನುವಿನ ಆಟೋ ಮಾಸ್ಕಿಂಗ್‌ನಲ್ಲಿ ಬ್ಯಾಕ್‌ಫೇಸ್‌ಮಾಸ್ಕ್, ಬ್ಲೆಂಡರ್‌ನಲ್ಲಿ ಫ್ರಂಟ್ ಫೇಸಸ್ ಓನ್ಲಿ. ಇದು ಬ್ರಶ್ಶಿಗೆ ಸೇರಿದ ಆಯ್ಕೆ, ಬ್ರಶ್ ಬದಲಿಸಿದರೆ ಮತ್ತೆ ಹಾಕಬೇಕು. ತುಟಿಗಳಂತೆ ಎರಡು ಭಾಗ ಎದುರುಬದುರು ತಾಗಿಕೊಂಡಿರುವ ಕಡೆ ಇದರಿಂದ ಪ್ರಯೋಜನವಿಲ್ಲ, ಜಾಲದಲ್ಲಿ ಕೂಡಿಕೊಂಡ ಭಾಗಕ್ಕೆ ಮಾತ್ರ ಬಣ್ಣ ಬಿಡುವ ಟೋಪಾಲಜಿ ಆಟೋಮಾಸ್ಕ್ ಬೇಕು.

ಪ್ರಶ್ನೆ: ಬ್ಲೆಂಡರ್‌ನಲ್ಲಿ ಮಲ್ಟಿರೆಸ್ (ಜಾಲವನ್ನು ಹಂತ ಹಂತವಾಗಿ ನವಿರಾಗಿಸುವ ಆಯ್ಕೆ) ಹಾಕಿದ ಮಾಡೆಲ್‌ಗೆ ಸ್ಕಲ್ಪ್ಟ್ ಮೋಡ್‌ನಲ್ಲಿ ಬಣ್ಣ ಹತ್ತುತ್ತಿಲ್ಲ. (ಶಿವಮೊಗ್ಗದ ಓದುಗರು)

ಉತ್ತರ: ಸ್ಕಲ್ಪ್ಟ್ ಮೋಡ್‌ನ ಬಣ್ಣ ನಿಜವಾದ ವರ್ಟೆಕ್ಸ್‌ಗಳಿಗೆ ಮಾತ್ರ ಹತ್ತುತ್ತದೆ, ಮಲ್ಟಿರೆಸ್ ಹುಟ್ಟಿಸಿದ ಮೇಲ್‌ಹಂತಗಳಿಗೆ ಅಲ್ಲ. ಮಾಡೆಲ್‌ನ ನಕಲು ತೆಗೆದು ಅದರಲ್ಲಿ ಮಲ್ಟಿರೆಸ್ ಅಪ್ಲೈ ಮಾಡಿ ಬಣ್ಣ ಹಚ್ಚಿ. ಇಲ್ಲವಾದರೆ ಯುವಿ ಬಿಡಿಸಿ ಟೆಕ್ಸ್ಚರ್ ಪೇಂಟ್‌ಗೆ ಹೋಗಿ. ಸಣ್ಣ ಗೆರೆಗಳಿಗೆ ಅದೇ ಒಳ್ಳೆಯದು. ಅಲ್ಲಿ ಯುವಿ ಹೊಲಿಗೆಯ ಮೇಲೆ ಗೆರೆ ಚುಕ್ಕೆಚುಕ್ಕೆಯಾಗಿ ಕಡಿದರೆ ಆಪ್ಷನ್ಸ್‌ನಲ್ಲಿರುವ ಬ್ಲೀಡ್ ಹೆಚ್ಚಿಸಿ.

ಪ್ರಶ್ನೆ: ಟ್ಯಾಬ್ಲೆಟ್‌ನಲ್ಲಿ ನೊಮ್ಯಾಡ್ ಎಂಬ ಶಿಲ್ಪದ ಆ್ಯಪ್ ಬಳಸುತ್ತೇನೆ. ಬೆರಳು ನಡುಗುತ್ತದೆ. (ಹಾಸನದ ಓದುಗರು)

ಉತ್ತರ: ಸ್ಟ್ರೋಕ್ ಸೆಟ್ಟಿಂಗ್‌ನಲ್ಲಿ ಲೇಜಿ ರೋಪ್ ಹಾಕಿ. ಬಣ್ಣ ಬೆರಳಿನ ಹಿಂದೆ ಹಗ್ಗ ಕಟ್ಟಿದಂತೆ ಬರುತ್ತದೆ, ನಡುಕ ಹಗ್ಗದಲ್ಲೇ ಸತ್ತುಹೋಗುತ್ತದೆ. ಅದು ನಡುಕ ಕಳೆಯುತ್ತದೆ ಅಷ್ಟೆ, ನೇರ ಮಾಡುವುದಿಲ್ಲ. ನೇರ ಬೇಕಿದ್ದರೆ ಸೆಲ್‌ಮಾಸ್ಕ್‌ನಲ್ಲಿ ಆಯತ ಆರಿಸಿ ಮೇಲೆ ಹೇಳಿದ ವಿಭೂತಿಯ ಕ್ರಮವನ್ನೇ ಅನುಸರಿಸಿ.

ಪ್ರಶ್ನೆ: ಪ್ರಿಂಟ್ ತೆಗೆದ ಹೆಲ್ಮೆಟ್‌ಗೆ ಟೇಪ್ ಅಂಟಿಸಿ ಪಟ್ಟೆ ಹೊಡೆಯುವಾಗ, ಪರದೆಯ ಮೇಲಿದ್ದ ಗೆರೆಗೂ ಟೇಪ್‌ನ ದಾರಿಗೂ ಹೊಂದುವುದಿಲ್ಲ. (ಹುಬ್ಬಳ್ಳಿಯ ಓದುಗರು)

ಉತ್ತರ: ಕಾಗದದ ಟೇಪ್ ಹಿಗ್ಗುವುದಿಲ್ಲ. ಸುಕ್ಕಿಲ್ಲದೆ ಅಂಟಿಸಿದರೆ ಅದು ಮೈಮೇಲಿನ ಹತ್ತಿರದ ದಾರಿಯನ್ನೇ ಹಿಡಿಯುತ್ತದೆ. ಪರದೆಯಲ್ಲಿ ನೀವು ಕ್ಯಾಮೆರಾದ ನೇರ ಬಳಸಿದ್ದರೆ ಎರಡೂ ಸೇರಲು ಸಾಧ್ಯವಿಲ್ಲ. ಕ್ಯಾಲಿಫೋರ್ನಿಯಾದ ಓದುಗರಿಗೆ ಹೇಳಿದ ಕ್ರಮದಲ್ಲಿ ಪಟ್ಟೆಯನ್ನು ಮೊದಲೇ ಎಳೆದಿದ್ದರೆ ಟೇಪ್ ತಾನಾಗಿ ಅದರ ಮೇಲೆ ಕೂರುತ್ತದೆ. ಬೇರೆ ದಾರಿಯೇ ಬೇಕೆಂದರೆ 2 ಮಿ.ಮೀ. ಅಗಲದ, ಹಿಗ್ಗುವ ವಿನೈಲ್ ಟೇಪ್‌ನಿಂದ ಗಡಿ ಹಾಕಿ, ಅದರ ಹೊರಗೆ ಅಗಲದ ಕಾಗದದ ಟೇಪ್ ಹಚ್ಚಿ. ಪಟ್ಟೆಯ ಬಣ್ಣ ಹೊಡೆಯುವ ಮೊದಲು ಟೇಪ್‌ನ ಅಂಚಿಗೆ ತಳದ ಬಣ್ಣವನ್ನೇ ತೆಳುವಾಗಿ ಒಂದು ಸಲ ಹೊಡೆದರೆ, ಸೋರುವುದೇನಿದ್ದರೂ ಆ ಬಣ್ಣ ಸೋರಿ ಸಂದು ಮುಚ್ಚುತ್ತದೆ. ಪ್ರಿಂಟ್‌ನ ಪದರಗಳ ಗೀರು ಉಳಿದಿದ್ದರೆ ಅದರ ಮೂಲಕವೇ ಬಣ್ಣ ಟೇಪ್‌ನಡಿ ಓಡುತ್ತದೆ, ಹಾಗಾಗಿ ಪ್ರೈಮರ್ ಹಾಕಿ 400ರ ನೀರುಕಾಗದದಲ್ಲಿ ಉಜ್ಜಿದ ಮೇಲೆಯೇ ಟೇಪ್ ಅಂಟಿಸಿ.